ಸ್ಕೂಟರ್ ಬಿಟ್ಟದ್ದು ದಿನಕರ ಅಲ್ಲ

ಗಿರಿಜಕ್ಕ, ಆ ದಿನ ಸ್ಕೂಟರ್ ಬಿಡುತ್ತಿದ್ದದ್ದು ನಿಮ್ಮ ಮಗ ದಿನಕರ ಅಲ್ಲ, ನಿಮ್ಮ ಸೊಸೆ ವಾರಿಜಾ. ದಿನಕರ ಹಿಂದೆ ಕುಳಿತಿದ್ದ. ಸುದ್ದಿ ಬರೆಯುವ ಮೊದಲೇ ನನಗಿದು ಗೊತ್ತಿತ್ತು.

ನಾನು ಪುತ್ತೂರಿನಿಂದ ಒಂದು ಕನ್ನಡ ಪತ್ರಿಕೆಗೂ ಒಂದು ಇಂಗ್ಲಿಷ್ ಪತ್ರಿಕೆಗೂ ವರದಿ ಕಳಿಸುವವನು. ಆಸ್ಪತ್ರೆಯಲ್ಲಿ ವಾರಿಜಾ ಸ್ಟ್ರೆಚರಿನ ಮೇಲೆ ಮಲಗಿಯೇ ಹೇಳಿದ್ದರು — "ನಾನೇ ಬಿಟ್ಟದ್ದು ಅಣ್ಣ. ಅವರು ನಿಧಾನ, ನಿಧಾನ ಅಂತ ಹೇಳ್ತಾ ಇದ್ರು." ತವರೂರು ಮಂಡೆಕೋಲಿನಿಂದ ಓಡಿಬಂದ ಅವರ ಅಣ್ಣ ನನ್ನನ್ನು ಕ್ಯಾಂಟೀನಿನ ಬದಿಗೆ ಕರೆದೊಯ್ದರು. "ಅದನ್ನು ಹಾಕುದು ಬೇಡ ಮಾರಾಯ್ರೆ. ಅವಳು ಇನ್ನು ಆ ಮನೆಯಲ್ಲೇ ಬದುಕಬೇಕಲ್ಲ? ಸತ್ತವನಿಗೆ ಎಂತ ಉಂಟು?"

ಸತ್ತವನಿಗೆ ಏನೂ ಇಲ್ಲವೆಂದು ನನಗೂ ಅನ್ನಿಸಿತು. ಅಥವಾ ಏನೂ ಅನ್ನಿಸಲಿಲ್ಲ — ವರದಿ ಕಳಿಸುವ ಹೊತ್ತಾಗಿತ್ತು.

ಕನ್ನಡದಲ್ಲಿ 'ಸ್ಕೂಟರ್ ಮಗುಚಿ ವ್ಯಕ್ತಿ ಸಾವು, ಪತ್ನಿಗೆ ಗಾಯ' ಎಂದಷ್ಟೇ ಬರೆದೆ. ಇಂಗ್ಲಿಷಿನಲ್ಲಿ 'ಹಿಸ್ ಸ್ಕೂಟರ್' ಎಂದು ಬರೆದು, ವೇಗವಾಗಿ ಹೋಗುವಾಗ ಅವನ ಹತೋಟಿ ತಪ್ಪಿತೆಂದು ಸೇರಿಸಿದೆ. ಹಿಸ್ — ಅವನ. ಇಂಗ್ಲಿಷ್ ಸುದ್ದಿಯಲ್ಲಿ ಅದು ರೂಢಿ. ಗಂಡಸೊಬ್ಬ ಜೊತೆಗಿದ್ದರೆ ವಾಹನ, ತೋಟ, ಮನೆ ಎಲ್ಲವೂ ಅವನದೇ ಆಗುತ್ತದೆ, ಸುದ್ದಿ ತಿದ್ದುವ ಡೆಸ್ಕಿನಲ್ಲಿ ಯಾರೂ ಕೇಳುವುದಿಲ್ಲ. ಯಾರದೆಂದು ಹೇಳದೆಯೂ ಬರೆಯಬಹುದಿತ್ತು. ಯಾರೂ ಕೇಳದ ಪದವನ್ನೇ ಆರಿಸಿಕೊಂಡೆ.

ಉತ್ತರಕ್ರಿಯೆಗೆ ಬಂದವರೊಬ್ಬರು ಆ ಇಂಗ್ಲಿಷ್ ಸುದ್ದಿಯನ್ನು ಓದಿ ನಿಮಗೆ ತುಳುವಿನಲ್ಲಿ ಹೇಳಿದರಂತೆ. ಕುಡಿದಿದ್ದನೋ ಎಂತದೋ ಎಂದು ಅಂಗಳದಲ್ಲಿ ಮಾತು ಹುಟ್ಟಿತಂತೆ. ಎದ್ದು ನಡೆಯುವ ಹಾಗಾದ ಮೇಲೆ ವಾರಿಜಾ ನಿಮ್ಮ ಹತ್ತಿರ ನಿಜ ಹೇಳಿದರು. ನೀವು ತಲೆ ಸವರಿ, "ಗಂಡನ ಮರ್ಯಾದೆ ಉಳಿಸ್ಲಿಕ್ಕೆ ಹೇಳ್ತಾಳೆ ಪಾಪ. ಪೇಪರಲ್ಲಿ ಬಂದುಂಟಲ್ಲ" ಅಂದಿರಿ. ಅವರು ಮತ್ತೆ ಮತ್ತೆ ಹೇಳಿದರು. ನೀವು ಮತ್ತೆ ಮತ್ತೆ ಸಮಾಧಾನ ಮಾಡಿದಿರಿ. ಕೊನೆಗೆ ನನಗೆ ಫೋನ್ ಬಂತು. "ನೀವೇ ಬಂದು ಒಂದು ಮಾತು ಹೇಳಿ ಅಣ್ಣ. ಅತ್ತೆ ನನಗೆ ಬೈಲಿ, ಹೊಡೀಲಿ. ಈ ಪ್ರೀತಿ ತಡ್ಕೊಳ್ಳಿಕ್ಕೆ ಆಗುದಿಲ್ಲ."

ನಾನು ನಿಮ್ಮೂರು ಕೊಯಿಲಕ್ಕೆ ಬಂದೆ. ನೀವು ಬೆಲ್ಲ, ನೀರು ಕೊಟ್ಟಿರಿ. "ನನ್ನ ಮಗ ಅಷ್ಟು ಜೋರು ಬಿಡುವವ ಅಲ್ಲ. ನೀವು ಸರಿ ಕೇಳಿಯೇ ಬರೆದದ್ದಾ?" ಎಂದಿರಿ. ವಾರಿಜಾ ಬಾಗಿಲ ಹತ್ತಿರ ನಿಂತಿದ್ದರು. ಸುಳ್ಳೆಂದು ಒಪ್ಪಿದರೆ ಪತ್ರಿಕೆ, ತಿದ್ದುಪಡಿ, ನನ್ನ ಹೆಸರು...

"ಪೇಪರಲ್ಲಿ ಬಂದದ್ದು ಸರಿ ಉಂಟು ಅಕ್ಕ" ಎಂದೆ.

ವಾರಿಜಾ ನನ್ನ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಅವರು ಆ ಮಾತು ಯಾರಲ್ಲೂ ಎತ್ತಿಲ್ಲ. ಎಷ್ಟೋ ವರ್ಷಗಳ ನಂತರ, ಇದನ್ನು ಬರೆಯುವ ಮೊದಲು, ನಾನೇ ಫೋನ್ ಮಾಡಿ ಕೇಳಿದೆ. "ಬರೆಯಿರಿ" ಎಂದರು. ಅಣ್ಣ ಅನ್ನಲಿಲ್ಲ.

ನಾಳೆ ಬಂದು ಇದನ್ನು ನಿಮಗೆ ಓದಿ ಹೇಳುತ್ತೇನೆ. ಅಂಗಳದಲ್ಲಿ ಯಾರಿದ್ದರೂ ಅವರೆದುರೇ ಓದುತ್ತೇನೆ. ನೀವು ನನ್ನನ್ನು ಕೂರಿಸಬೇಕಾಗಿಲ್ಲ. ನಿಮ್ಮ ಮಗ ನಿಧಾನ, ನಿಧಾನ ಅನ್ನುತ್ತಿದ್ದ, ಗಿರಿಜಕ್ಕ. ಅದನ್ನು ಬರೆಯದೆ ಬಿಟ್ಟವನು ನಾನು.