ಬಾಳತ್ತೆಯ ಟಗರಿನ ಕಾಯ್ದೆ

ಉಮರ್ಗಾದ ಒಂದು ಲ್ಯಾಬಿನಲ್ಲಿ ನನಗೆ ರಕ್ತ ತೆಗೆಯುವ ಕೆಲಸ. ಸೂಜಿ ಚುಚ್ಚುವುದು, ಸೀಸೆಗೆ ಹೆಸರು ಅಂಟಿಸುವುದು, ಬೈಕಿಗೆ ಕಟ್ಟಿಕೊಂಡು ತರುವುದು, ಇಷ್ಟೇ. ಆ ರಕ್ತದೊಳಗೆ ಏನಿದೆ ಎನ್ನುವುದು ನನ್ನ ಪಗಾರಕ್ಕೆ ಸೇರಿದ ವಿಷಯವಲ್ಲ. ಆದರೂ ದಾಳಿಂಬದಲ್ಲಿರುವ ನನ್ನ ಸೋದರತ್ತೆ ಬಾಳಮ್ಮ ನನ್ನನ್ನು ‘ಡಾಗ್ದರ’ ಎಂದೇ ಕರೆಯುತ್ತಾಳೆ, ಗೌರವದಿಂದಲ್ಲ. ಟಗರಿನ ಕೊಂಬು ಗೀರಿ ನನ್ನ ಕೈಯಲ್ಲಿ ರಕ್ತ ಜಿನುಗಿದಾಗ ನಾನು ತಲೆ ತಿರುಗಿ ಅಂಗಳದಲ್ಲೇ ಕುಳಿತದ್ದನ್ನು ಇಡೀ ಓಣಿ ನೋಡಿದೆ. ಮಂದಿಯ ರಕ್ತ ಕಂಡರೆ ನನಗೇನೂ ಆಗುವುದಿಲ್ಲ.

ಅತ್ತೆ ಕುರಿ ಹಿಂಡಿನಲ್ಲಿ ಹುಟ್ಟಿ, ಇನ್ನೊಂದು ಹಿಂಡಿಗೆ ಮದುವೆಯಾಗಿ ಬಂದವಳು. ಗಂಡ ಅಮೋಘಸಿದ್ಧ ಮಾಮಾ ಕುರಿಗಳನ್ನು ನಡೆಸುತ್ತಾನೆ, ಅವನನ್ನು ಇವಳು. ಯಾವ ಟಗರು ಹಿಂಡಿನಲ್ಲಿ ಇರಬೇಕು, ಯಾವುದು ಕಾಸಾರಶಿರಸಿಯ ಸಂತೆಗೆ ಹೋಗಬೇಕು ಎಂಬುದೆಲ್ಲ ಇವಳದೇ ತೀರ್ಪು. ಅದಕ್ಕೊಂದು ಕಾಯ್ದೆಯೂ ಉಂಟು: ಮರಿ ಸರಿಯಾಗಿ ಹುಟ್ಟದಿದ್ದರೆ ಕುರಿಯನ್ನು ಬಯ್ಯಬಾರದು, ಟಗರನ್ನು ಮಾರಬೇಕು.

ಮೊಮ್ಮಗಳು ಪೂನಮ ಹುಟ್ಟಿದ ಮೇಲೆ ಈ ಕಾಯ್ದೆ ಮನೆಯೊಳಗೂ ಬಂತು. ಓರಗೆಯ ಮಕ್ಕಳು ಮಾತು ಕಲಿತರೂ ಅವಳು ಕಲಿಯಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಕುರಿಯ ಉಣ್ಣೆಯಲ್ಲಿ ಬೆರಳು ಹೂತರೆ ಮಾತ್ರ ಶಾಂತ. ಸೋಲಾಪುರದ ಮಕ್ಕಳ ಡಾಕ್ಟರ್ ಬಾಯಿ ಇದನ್ನು ಆಟಿಸಂ ಎಂದರು. ಓಣಿಯವರು ಸೋಲಾಪುರದ ತನಕ ಹೋಗಲಿಲ್ಲ. ಇದು ಸೊಸೆ ರೂಪಾಲಿ ತವರಿನಿಂದ ತಂದದ್ದೆಂದು ಕಟ್ಟೆಯ ಮೇಲೆಯೇ ತೀರ್ಮಾನಿಸಿದರು. ನೆರೆಮನೆಯ ಮುಕ್ತಾಬಾಯಿ ಅಂತೂ, ಅತ್ತೆಯ ಮಗ ಶಿವಾಜಿಗೆ ಮಾಕಣಿಯ ಕಡೆ ಇನ್ನೊಂದು ಹೆಣ್ಣು ನೋಡಿದ್ದೇನೆ ಎಂದು ಚಹಾಕ್ಕೆ ಬಂದು ಕುಳಿತಳು.

ಅತ್ತೆ ಚಹಾ ಕೊಟ್ಟಳು. ಅವಳು ಕುಡಿದು ಮುಗಿಸುವ ತನಕ ಕಾದಳು.

“ಮುಕ್ತಾ, ಮರಿ ಸರಿ ಹುಟ್ಟಲಿಲ್ಲಂದ್ರ ನಾವು ಕುರಿ ಮಾರೂದಿಲ್ಲ, ಟಗರ ಮಾರ್ತೀವಿ. ನಮ್ಮ ಶಿವ್ಯಾಗ ಯಾರರೆ ಗಿರಾಕಿ ಇದ್ದರ ಕರ್ಕೊಂಡು ಬಾ.”

ರೂಪಾಲಕ್ಕನ ಮೇಲೆ ಮಾತು ಬರುವುದು ಅಲ್ಲಿಗೆ ನಿಂತಿತು. ಬದಲಿಗೆ ಮಾಮಾನಿಗೆ ಗ್ರಹಚಾರ ಶುರುವಾಯಿತು. ದೋಷ ಶಿವಾಜಿಯದಾದರೆ ಅದು ಅವನ ಅಪ್ಪನ ವಂಶದ್ದು ತಾನೆ? ಅವನು ಎರಡನೇ ಸಲ ಚಹಾ ಕೇಳಿದರೂ ಅತ್ತೆ ಅವನ ಮುತ್ತಜ್ಜನ ತನಕ ಹೋಗಿ ಬರುತ್ತಿದ್ದಳು. ಮಾಮಾ ಚಹಾ ಕೇಳುವುದನ್ನೇ ಬಿಟ್ಟ.

ಆದರೆ ಸೊಸೆಯನ್ನು ಕಾಯ್ದ ಕಾಯ್ದೆಯೇ ಸೊಸೆಯ ಕೈಯನ್ನೂ ಕಟ್ಟಿತು. ರೂಪಾಲಕ್ಕನಿಗೆ ಇನ್ನೊಂದು ಮಗು ಬೇಕಿತ್ತು. ಟಗರು ಅದೇ ಇರುವಾಗ ಮರಿ ಬೇರೆ ಹೇಗೆ ಆದೀತು, ಬೇಡ ಎಂದುಬಿಟ್ಟಳು ಅತ್ತೆ. ತನ್ನ ಪರವಾಗಿ ಇಡೀ ಓಣಿಯನ್ನು ಎದುರು ಹಾಕಿಕೊಂಡವಳ ಮಾತು ಮೀರುವುದು ಹೇಗೆ? ರೂಪಾಲಕ್ಕ ಪೂನಮಳ ಹಳೆಯ ಕುಲಾವಿ, ಅಂಗಿಗಳನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಈಚೆಗೆ ಪೂನಮಳಿಗೆ ಫಿಟ್ಸ್ ಬರತೊಡಗಿದಾಗ ಡಾಕ್ಟರ್ ಬಾಯಿ ಜೀನ್ ಪರೀಕ್ಷೆ ಮಾಡಿಸಿದರು. ದೋಷ ಸಿಕ್ಕಿತು. ಮಿದುಳಿನ ನರಕೋಶಗಳಿಗೆ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಸೋಡಿಯಂ ಕಣಗಳು ಆ ಬಾಗಿಲಿನಿಂದ ಒಳಗೆ ನುಗ್ಗಿದಾಗಲೇ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು. ಆ ಬಾಗಿಲು ಕಟ್ಟುವ ಜೀನ್ ಒಂದರಲ್ಲಿ ಪೂನಮಳಿಗೆ ಒಂದು ತಪ್ಪು ಬಿದ್ದಿದೆ, ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಆಟಿಸಂಗೆ ಕಾರಣಗಳು ಬಹಳ, ಈ ಮಗುವಿನಲ್ಲಿ ಇದು ದೊಡ್ಡ ಕಾರಣ ಇರಬಹುದು ಎಂದರು. ತಪ್ಪು ಎಲ್ಲಿಂದ ಬಂತೆಂದು ತಿಳಿಯಲು ತಂದೆ ತಾಯಿ ಇಬ್ಬರ ರಕ್ತವೂ ಬೇಕಿತ್ತು. ತೆಗೆದವನು ನಾನೇ. ಉಣ್ಣೆ ಕತ್ತರಿಸುವಾಗ ಟಗರನ್ನು ಹಿಡಿಯುವಂತೆ ಅತ್ತೆ ಶಿವಾಜಿಯ ಹೆಗಲನ್ನು ಒತ್ತಿ ಹಿಡಿದಿದ್ದಳು.

ಅಷ್ಟಕ್ಕೇ ನಾನು ಬೈಕ್ ಹತ್ತಬೇಕಿತ್ತು. ಹತ್ತದೆ, ಡಾಕ್ಟರ್ ಹೇಳಿದ್ದನ್ನು ಅತ್ತೆಗೆ ಬಿಡಿಸಿ ಹೇಳಲು ಕುಳಿತೆ. ಸೋಡಿಯಂ ಎಂದರೆ ನಮ್ಮ ಉಪ್ಪಿನಲ್ಲಿ ಇರುವುದೇ, ಪೂನಮಳ ತಲೆಯಲ್ಲಿ ಅದು ಒಳಗೆ ಹೋಗುವ ಬಾಗಿಲು ಕೆಟ್ಟಿದೆ ಎಂದೆ. ಅತ್ತೆ ಗಮನವಿಟ್ಟು ಕೇಳಿದಳು. ನನ್ನ ಜನ್ಮದಲ್ಲಿ ಮೊದಲ ಸಲ ಅವಳು ನನ್ನ ಮಾತಿಗೆ ತಲೆಯಾಡಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಸಲ ಹೋದಾಗ ತೊಗರಿಬೇಳೆ ಸಪ್ಪೆ, ಪಲ್ಯ ಸಪ್ಪೆ, ರೊಟ್ಟಿಯ ಜೊತೆಗಿನ ಚಟ್ನಿಯೂ ಸಪ್ಪೆ. ಬಾಗಿಲು ಕೆಟ್ಟ ದೊಡ್ಡಿಗೆ ಕುರಿ ನುಗ್ಗಿಸಬಾರದು, ಬಾಗಿಲಿನ ಮುಂದೆ ಉಪ್ಪು ಒತ್ತೊತ್ತಾಗಿ ನಿಲ್ಲದಂತೆ ಮೊದಲು ಉಪ್ಪನ್ನೇ ತಡೆಯಬೇಕು ಎಂದು ಅತ್ತೆಯ ಲೆಕ್ಕ. ಮಾಮಾ ಇದೂ ತನ್ನ ವಂಶಕ್ಕೆ ಬಿದ್ದ ಶಿಕ್ಷೆಯೆಂದು ತಿಳಿದು ತಲೆ ಬಗ್ಗಿಸಿ ಉಣ್ಣುತ್ತಿದ್ದ. ಪೂನಮ ತನ್ನ ತಾಟನ್ನು ನನ್ನ ಮುಂದಕ್ಕೆ ತಳ್ಳಿದಳು. ಆ ಮನೆಯಲ್ಲಿ ನ್ಯಾಯ ಗೊತ್ತಿದ್ದವಳು ಅವಳೊಬ್ಬಳೇ. ನಾನು ಫೋನ್ ಹಚ್ಚಿದಾಗ ಡಾಕ್ಟರ್ ಬಾಯಿ ಬೈದರು. ಉಣ್ಣುವ ಉಪ್ಪಿಗೂ ಆ ಬಾಗಿಲಿನ ದೋಷಕ್ಕೂ ಸಂಬಂಧವಿಲ್ಲ, ಮಗುವಿಗೆ ಮೊದಲಿನಂತೆ ಊಟ ಕೊಡಿ, ಇನ್ನು ಮುಂದೆ ತಿಳಿಸಿ ಹೇಳುವ ಕೆಲಸ ನನಗೆ ಬಿಡಿ ಎಂದರು. ಅಂದಿನಿಂದ ನಾನು ‘ಸಪ್ಪನ ಡಾಗ್ದರ’.

ಪರೀಕ್ಷೆಯ ಫಲ ಬಂದ ದಿನ ಎಲ್ಲರೂ ಸೋಲಾಪುರಕ್ಕೆ ಹೋದೆವು. ಡಾಕ್ಟರ್ ಬಾಯಿ ನನ್ನ ಕಡೆ ನೋಡದೆ ಅತ್ತೆಗೇ ಹೇಳಿದರು: ಈ ತಪ್ಪು ತಾಯಿಯ ರಕ್ತದಲ್ಲಿಲ್ಲ, ತಂದೆಯದರಲ್ಲೂ ಇಲ್ಲ. ಪೂನಮಳಲ್ಲೇ ಹೊಸದಾಗಿ ಆದದ್ದು.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. “ಅವ್ವಂದಲ್ಲ, ಅಪ್ಪಂದಲ್ಲ ಅಂದ್ರ ಎಲ್ಲಿಂದ ಬಂತ್ರೀ ಬಾಯಿ?”

ಜೀವ ಮೂಡುವಾಗ ಜೀನ್‌ಗಳ ನಕಲು ಆಗುತ್ತದೆ, ನಕಲಿನಲ್ಲಿ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಅಂಥವು ನಿಮ್ಮಲ್ಲೂ ನನ್ನಲ್ಲೂ ಇವೆ, ಹೆಚ್ಚಿನವು ಏನೂ ಮಾಡುವುದಿಲ್ಲ, ಇದು ಬೀಳಬಾರದ ಜಾಗದಲ್ಲಿ ಬಿತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರ್. ಯಾರ ತಪ್ಪೂ ಅಲ್ಲ ಎಂದರೆ ಅತ್ತೆಗೆ ಕೈಯೊಳಗಿನ ಕೋಲು ಕಸಿದುಕೊಂಡ ಹಾಗೆ. ಮಾಮಾ ಮಾತ್ರ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ.

ಅತ್ತೆಯ ಎದುರು ಎಂದೂ ದನಿ ಎತ್ತದ ರೂಪಾಲಕ್ಕ ಆಗ ಕೇಳಿದಳು. “ಹಂಗಾದ್ರ, ಇನ್ನೊಂದು ಕೂಸು ಹಡದ್ರ?”

ಅದಕ್ಕೂ ಹೀಗೇ ಆಗುವ ಸಂಭವ ಬಹಳ ಕಡಿಮೆ, ಆಗುವುದೇ ಇಲ್ಲ ಎಂದು ಮಾತ್ರ ಹೇಳಲಾರೆ, ಬಸಿರಿನಲ್ಲೇ ಪರೀಕ್ಷೆ ಮಾಡಿ ನೋಡಬಹುದು ಎಂದರು ಡಾಕ್ಟರ್.

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಯಾರನ್ನೂ ಬಯ್ಯಲಿಲ್ಲ. ಶಿವಾಜಿಗೆ ಅದೇ ಹೆದರಿಕೆ, ಎರಡು ಸಲ ನೀರು ಬೇಕೇನೆಂದು ಕೇಳಿದ. ನಳದುರ್ಗ ದಾಟಿದ ಮೇಲೆ ಅವಳು ಸೊಸೆಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

“ನಾ ಬ್ಯಾಡ ಅಂದಿದ್ದು ತಪ್ಪಾತು. ನಿನಗ ಬೇಕಂದ್ರ ಹಡಿ. ಆದರ ಒಂದು ಮಾತು. ಮಾತಾಡೂ ಕೂಸು ಬಂತಂತ ನಮ್ಮ ಪೂನಮಗ ಮೂಲಿಗೆ ಕೂಡ್ಸಬ್ಯಾಡ.”

“ಆಕಿಗಿ ಮೂಲ್ಯಾಗ ಯಾರು ಕೂಡ್ಸಾಕಾಗ್ತದ ಅತ್ತಿ?” ಎಂದಳು ರೂಪಾಲಕ್ಕ. “ನೋಡ್ರಲ್ಲಿ.”

ಮುಂದಿನ ಸೀಟಿನಲ್ಲಿ ಪೂನಮ ಮಾಮಾನ ತಲೆಯ ರುಮಾಲನ್ನು ಪೂರ್ತಿ ಬಿಚ್ಚಿ, ಕಿಟಕಿಯ ಗಾಳಿಗೆ ಹಾರಿಬಿಟ್ಟು ನಗುತ್ತಿದ್ದಳು. ಮಾಮಾ ಅದರ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ.