ಬಗದಲ್ ಕೆರೆಯ ಮೂರು ದಿನ

ನಮ್ಮ ಮದುವೆಯಾದದ್ದು ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ನಿಗೆ ನಾಲ್ಕು ತಿಂಗಳ ಮೊದಲು, ರಜಾಕಾರರ ಹಾವಳಿಯ ಕಾಲದಲ್ಲಿ. ವಾಲಗವಿರಲಿಲ್ಲ, ಹಂದರವಿರಲಿಲ್ಲ. ಜನವಾಡದಾಚೆ ಮಾಂಜ್ರಾ ನದಿಯ ದಂಡೆಯಲ್ಲಿದ್ದ ಅವಳ ಊರಿನಲ್ಲಿ ಹನ್ನೆರಡು ಜನರ ಎದುರಿಗೆ ಅವಸರವಸರವಾಗಿ ಅಕ್ಷತೆ ಬಿತ್ತು. ಮಧ್ಯಾಹ್ನದೊಳಗೆ ನಾನೂ ಅವ್ವನೂ ಭಾಲ್ಕಿಯ ದಾರಿ ಹಿಡಿದಿದ್ದೆವು. ಇಂಥ ಹೊತ್ತಿನಲ್ಲಿ ಹೆಣ್ಣುಮಗಳನ್ನು ಕಳಿಸಲಾರೆ ಎಂದು ಅವಳ ತಂದೆ ಹೇಳಿದ್ದ. ಅವಳು ನಮ್ಮ ಮನೆಗೆ ಬಂದದ್ದು ಗದ್ದಲವೆಲ್ಲ ತಣ್ಣಗಾದ ಮೇಲೆ, ಆ ವರ್ಷದ ಚಳಿಗಾಲದಲ್ಲಿ.

ಭಾಲ್ಕಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ನಮ್ಮ ಅಜ್ಜ ನದಿಯಲ್ಲಿ ಬಲೆ ಬೀಸಿ ಬದುಕಿದವನು. ಅಪ್ಪ ರೈಲು ಹಾದಿ ಹಾಕುವ ಕೆಲಸಕ್ಕೆ ಊರು ಬಿಟ್ಟು ಬಂದು ಸ್ಟೇಷನ್ನಿನಲ್ಲಿ ಹಮಾಲನಾಗಿ ನಿಂತುಬಿಟ್ಟ. ನಾನು ಉರ್ದು ಸಾಲೆಯಲ್ಲಿ ಕಲಿತು ಅದೇ ಸಾಲೆಗೆ ಮಾಸ್ತರನಾದೆ. ಹೀಗಾಗಿ ಮೀನು ಹಿಡಿಯುವವರ ಮನೆತನದಲ್ಲಿ ಹುಟ್ಟಿಯೂ ಗಾಳ ಎಂದರೆ ಯಾವ ಕಡೆಯಿಂದ ಹಿಡಿಯಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮನೆಯಲ್ಲಿ ಅವ್ವ, ನಾನು, ಅವಳು, ಮೂರೇ ಜನ. ಆದರೂ ಹಿರಿಯರ ಎದುರಿಗೆ ಗಂಡಹೆಂಡತಿ ಕೂತು ಮಾತಾಡುವ ರೂಢಿ ಆಗ ಇರಲಿಲ್ಲ. ಉಪ್ಪು ತೀರಿದೆ, ಕಟ್ಟಿಗೆ ತರಬೇಕು, ಇಷ್ಟರಲ್ಲೇ ಮೂರು ವರ್ಷ ಕಳೆದಿದ್ದವು. ಅವಳು ನೀರಿನ ದಂಡೆಯಲ್ಲಿ ಬೆಳೆದವಳು. ಭಾಲ್ಕಿಯ ಬಾವಿಗೆ ಕೊಡ ಇಳಿಬಿಟ್ಟು ಒಂದು ಗಳಿಗೆ ಹಾಗೇ ಬಗ್ಗಿ ನೋಡುತ್ತ ನಿಲ್ಲುವುದನ್ನು ನಾನು ಸಾಲೆಗೆ ಹೋಗುವಾಗ ಎಷ್ಟೋ ಸಲ ಕಂಡಿದ್ದೆ.

ಆ ದಿನಗಳಲ್ಲಿ ಮಾಸ್ತರರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕೆಂದು ಹುಕುಂ ಬಂದಿತು. ಆಡುವುದು ಕನ್ನಡವೇ, ಆದರೆ ನನ್ನ ಕೈ ಬಲದಿಂದ ಎಡಕ್ಕೆ ಓಡಿ ಪಳಗಿದ ಕೈ. ಇಪ್ಪತ್ತೇಳರ ವಯಸ್ಸಿನಲ್ಲಿ ಪಾಟಿಯ ಮೇಲೆ ಅ ಆ ತಿದ್ದಿದೆ. ಅಕ್ಷರ ಕೂಡಿದ ಮೇಲೆ ಏನಾದರೂ ಬರೆಯಬೇಕಲ್ಲ? ಸಾಲೆಯ ಕಪಾಟಿನಲ್ಲಿದ್ದ ಹಳೆಯ ಉರ್ದು ಮಾಸಪತ್ರಿಕೆಯೊಂದರಲ್ಲಿ, ದೊಡ್ಡ ದೊಡ್ಡ ಅಧಿಕಾರಿಗಳು ಹೆಂಡತಿಯರ ಜೊತೆ ಕೆರೆಯ ದಂಡೆಗೆ ತಫ್ರೀಗೆ, ಎಂದರೆ ವಿಹಾರಕ್ಕೆ, ಹೋಗಿ, ಮೀನು ಹಿಡಿದು, ಮೇಜಿನ ಮೇಲೆ ಊಟ ಮಾಡಿ, ಹಳೆಯ ಕೋಟೆ ಗುಮ್ಮಟ ನೋಡಿ ಬರುವ ವಿಷಯ ಓದಿದ್ದೆ. ಪಾಟಿ ತೆಗೆದುಕೊಂಡು ನಾನೂ ಬರೆದೆ. ಮೊದಲ ದಿನ ರೈಲಿನಲ್ಲಿ ಬೀದರ, ಕೋಟೆ. ಎರಡನೆಯ ದಿನ ಬಗದಲ್ ಕಡೆಯ ಕೆರೆ, ನಾಷ್ಟಾ ಆದ ಮೇಲೆ ಹತ್ತು ಗಂಟೆಗೆ ಮೀನು. ಮೂರನೆಯ ದಿನ ಅಷ್ಟೂರಿನ ಗುಮ್ಮಟ. ನಾನು ಬರೆದ ಮೊದಲ ಕನ್ನಡ ಅದೇ.

ಅವಳಿಗೆ ಓದು ಬರುತ್ತಿರಲಿಲ್ಲ. ಅವ್ವ ಹಿಟ್ಟು ಬೀಸಿಸಲು ಹೋಗಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು.

"ಹತ್ತ ಗಂಟೆಕ್ಕ?" ಎಂದಳು. "ಹತ್ತ ಗಂಟೆಕ್ಕ ಬರಾಕ ಮೀನೇನು ನಿಮ್ಮ ಸಾಲಿ ಹುಡುಗರೇನ್ರಿ?"

ನಾನು ಪಾಟಿ ಒರೆಸಿದೆ. "ಹಂಗಾದ್ರ ನೀನಽ ಹೇಳು."

"ಮೊದಲ ಕೆರಿಗಿ ಹೋಗೂಣ್ರಿ. ಹೊತ್ತ ಮುಳಗೂದ್ರಾಗ ಮುಟ್ಟಿದ್ರ ನೀರು ಹ್ಯಾಂಗದ ನೋಡಾಕ ಬರ್ತದ. ಮೂಡಣ ಕೆಂಪ ಆಗೂದ್ರಾಗ ಗಾಳ ಹಾಕಬೇಕು. ಕೋಟಿ ಎಲ್ಲಿ ಓಡಿ ಹೋಗ್ತದ? ಕಡೀಕ ನೋಡೂಣ."

ಅವಳ ಮಾತಿನಂತೆ ಇಡೀ ಯೋಜನೆಯನ್ನು ತಿರುವಿ ಬರೆದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ಆದರೆ ಬಡಿತ ಬೇರೆಯೇ ಲಯಕ್ಕೆ ಬಿದ್ದಿತ್ತು.

ಅವ್ವನಿಗೆ ಹೇಳುವುದೇ ಕಷ್ಟದ ಮಾತು. ದೀಪಾವಳಿ ರಜೆ ಹತ್ತಿರ ಬಂದಾಗ ಧೈರ್ಯ ಮಾಡಿದೆ.

"ಯಾವ ದೇವರಿಗಿ?" ಎಂದು ಕೇಳಿದಳು ಅವ್ವ.

"ದೇವರಿಗಲ್ಲವ್ವಾ. ಸುಮ್ಮ ಹೋಗಿ ಬರ್ತೇವಿ."

"ಸುಮ್ಮ ಯಾರರ ಹೋಗ್ತಾರೇನು? ಹರಕಿ ಇರಬೇಕು, ಲಗ್ನ ಇರಬೇಕು, ಇಲ್ಲಾ ಯಾರರ ಸತ್ತು ಮಣ್ಣಿಗಿ ಹೋಗಬೇಕು."

ಎರಡು ದಿನ ಬಿಟ್ಟು ಅವ್ವ ತಾನೇ ಶೇಂಗಾ ಹುರಿದು ಖಾರದ ಹಿಂಡಿ ಕುಟ್ಟಿದಳು, ಒಣಗಿಸಿದ ಕಟಿ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದಳು. ಪೆಟ್ಟಿಗೆಯಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದು ಸೊಸೆಯ ಮುಂದೆ ಇಟ್ಟಳು. "ಓಣ್ಯಾಗ ಕೇಳಿದವರಿಗಿ ಏನ ಹೇಳ್ತಿ?" ಎಂದು ನಾನು ಕೇಳಿದೆ.

"ಪರೀಕ್ಷಾಕ್ಕ ಹೋಗ್ಯಾನ ಅಂತೇನಿ."

"ಮತ್ತ ಅಕೀ?"

"ಅಕೀನೂ ಪರೀಕ್ಷಾಕ್ಕಽ ಹೋಗ್ಯಾಳ," ಎಂದು ಅವ್ವ ನಗದೇ ಹೇಳಿದಳು. ಸಾಲೆಯ ಮುಖ ಕಾಣದ ಆ ಹೆಣ್ಣುಮಗಳಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೆರೆಯ ಏರಿಯ ಪಕ್ಕ ಅಧಿಕಾರಿಗಳು ಇಳಿಯುವ ಸಣ್ಣ ಮುಸಾಫಿರ್ ಬಂಗಲೆ ಇತ್ತು. ತಹಸೀಲಿಗೆ ಅರ್ಜಿ ಕೊಟ್ಟು ಎರಡು ರಾತ್ರಿ ಉಳಿಯಲು ಚೀಟಿ ಪಡೆದಿದ್ದೆ. ಬೀದರ ಸ್ಟೇಷನ್ನಿನಿಂದ ಟಾಂಗಾ ಮಾಡಿಕೊಂಡು ಕೆಂಪು ಮಣ್ಣಿನ ದಾರಿಯಲ್ಲಿ ಹೊರಟು ಇಳಿಹೊತ್ತಿಗೆ ಅಲ್ಲಿ ಮುಟ್ಟಿದೆವು. ಬಂಗಲೆಯ ಖಾನ್ಸಾಮಾ, ಎಂದರೆ ಅಡುಗೆಯವನೂ ಕಾವಲುಗಾರನೂ ಅವನೇ, ಬಿಳಿ ಗಡ್ಡದ ಮುದುಕ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ.

"ಸಾಹೇಬ್ರು ಯಾವ ಮಹಕಮಾದವರು? ಪೊಲೀಸೋ, ತಹಸೀಲೋ?"

"ಸಾಲಿ ಮಾಸ್ತರ ಇದ್ದೀನ್ರಿ."

ಅವನು ಒಂದು ಸಲ ನನ್ನನ್ನೂ, ಒಂದು ಸಲ ರೊಟ್ಟಿಯ ಗಂಟು ಹಿಡಿದು ನಿಂತ ಅವಳನ್ನೂ ನೋಡಿದ. ವಾಪಸು ಹೋಗಿ ಎನ್ನುತ್ತಾನೆಂದುಕೊಂಡೆ. ಅವನು ಒಳಗೆ ಹೋಗಿ ಗುಂಡಿ ಕಿತ್ತ ಬಿಳಿ ಕೋಟು ಹಾಕಿಕೊಂಡು ಬಂದು ಸಲಾಮು ಮಾಡಿದ. "ಎರಡ ವರ್ಷ ಆತ್ರಿ, ಮಹಿಮಾನರು ಬಂದು. ಆಯಿಯೆ."

ಮರುದಿನ ಮೂಡಣ ಕೆಂಪಾಗುವ ಮೊದಲೇ ಅವಳು ಏರಿಯ ಮೇಲಿದ್ದಳು. ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ಸುತ್ತಿಟ್ಟ ದಾರ, ಎರಡು ಗಾಳ, ಬೆಂಡಿನ ತುಂಡು. ತವರಿನಿಂದ ತಂದು ಮೂರು ವರ್ಷ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳಂತೆ. ಬಿದಿರು ಕಡಿದು ಕೊಟ್ಟದ್ದೊಂದೇ ನನ್ನ ಕೆಲಸ. ನಾನು ಎದುರಿಗೆ ಸಿಕ್ಕ ಚಂದದ ಜಾಗದಲ್ಲಿ ಕೂರಹೋದೆ. ಅವಳು ತಲೆ ಅಲ್ಲಾಡಿಸಿ, ತೂಬಿನ ಕಲ್ಲುಗಳ ಹತ್ತಿರ ಜೇಕಿನ ಹುಲ್ಲು ಬೆಳೆದ ಕಡೆ ಕರೆದುಕೊಂಡು ಹೋದಳು.

"ನೀರ ನೋಡಬ್ಯಾಡ್ರಿ. ಬೆಂಡ ನೋಡ್ರಿ. ಅದು ಅಳ್ಳಾಡಿದ್ರ ಎಳೀಬ್ಯಾಡ್ರಿ, ಮುಳುಗಿದ್ರ ಎಳೀರಿ."

ನಾನು ಅಲ್ಲಾಡಿದಾಗಲೇ ಎಳೆದೆ. ಎರಡು ಸಲ ಹುಳು ಹೋಯಿತು. ಮೂರನೆಯ ಸಲ ಗಾಳ ನನ್ನ ಪೈಜಾಮಕ್ಕೇ ಸಿಕ್ಕಿಕೊಂಡಿತು. ಅವಳು ನಕ್ಕಳು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಹಿಂದೆ ಮುಂದೆ ನೋಡದೆ ನಕ್ಕಳು. ಭಾಲ್ಕಿಯ ಮನೆಯಲ್ಲಿ ನಾನು ಆ ನಗೆ ಕೇಳಿರಲಿಲ್ಲ. ಆಮೇಲೆ ಹೇಗೋ ಬೆರಳುದ್ದದ ಒಂದು ಮೀನು ನನಗೂ ಬಿದ್ದಿತು.

ಅವಳ ಬೆಂಡು ಮುಳುಗಿದಾಗ ಸದ್ದೇ ಆಗಲಿಲ್ಲ. ಬಿದಿರು ಬಿಲ್ಲಿನಂತೆ ಬಾಗಿತು. "ಎಳಿ, ಎಳಿ!" ಎಂದು ನಾನು ಕೂಗಿದೆ. ಅವಳು ಎಳೆಯಲಿಲ್ಲ. ಸೀರೆ ಕಚ್ಚೆ ಕಟ್ಟಿ, ಬರಿಗಾಲಲ್ಲಿ ಏರಿಯ ಗುಂಟ ಮೀನು ಹೋದತ್ತ ನಡೆದಳು. ಅದು ತಿರುಗಿದರೆ ತಾನೂ ತಿರುಗಿದಳು. ಬಹಳ ಹೊತ್ತು ಹೀಗೇ, ಇಬ್ಬರೂ ಕೂಡಿ ವಾಯುವಿಹಾರಕ್ಕೆ ಬಂದವರಂತೆ. ಕೊನೆಗೆ ಮೊಣಕಾಲ ಮಟ್ಟ ನೀರಿಗೆ ಇಳಿದು, ಕಿವಿರಿಗೆ ಎರಡು ಬೆರಳು ಕೊಟ್ಟು ಎತ್ತಿದಳು. ಮೊಳ ಮೀರಿದ ಕೊರವ ಮೀನು. ಅದನ್ನು ಹುಲ್ಲಿನ ಮೇಲೆ ಹಾಕಿ, ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಮತ್ತೆ ನಮ್ಮ ಮನೆಯ ಸೊಸೆಯಾದಳು. ನಾನು ಬೆರಗಾಗಿ ನಿಂತಿದ್ದೆ. ಮೂರು ವರ್ಷ ನನ್ನ ಅಂಗಿಗೆ ಗುಂಡಿ ಹಚ್ಚಿ ಕೊಟ್ಟ ಕೈಗೆ ಇಷ್ಟು ತಿಳಿದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೀನು ಹೆಚ್ಚಲು ಅವಳು ಅಡುಗೆಮನೆಗೆ ಹೋದಳು. ಖಾನ್ಸಾಮಾ ಬಾಗಿಲಿಗೆ ಅಡ್ಡ ನಿಂತ. "ನೀವ ಹಿಡದೀರಿ, ಸಾಕು. ಮುಂದಿಂದು ನನ್ನ ಕೆಲಸ." ಮಧ್ಯಾಹ್ನ ಕೆರೆಗೆ ಮುಖ ಮಾಡಿದ ಪಡಸಾಲೆಯಲ್ಲಿ ಮೇಜು ಹಾಕಿ, ಮಾಸಿದರೂ ಮಡಿಕೆ ಕೆಡದ ಬಟ್ಟೆ ಹಾಸಿ, ಎದುರುಬದುರು ಎರಡು ಕುರ್ಚಿ ಇಟ್ಟ. ಎಣ್ಣೆಯಲ್ಲಿ ಹುರಿದ ಮೀನು, ಹುಣಸೆಹುಳಿಯ ಸಾರು, ಅನ್ನ. ನಮ್ಮ ಕಟಿ ರೊಟ್ಟಿಯನ್ನೂ ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿದ್ದ. ಅವಳು ರೂಢಿಯಂತೆ ನನ್ನ ಕುರ್ಚಿಯ ಹಿಂದೆ ಬಡಿಸಲು ನಿಂತಳು.

"ಕೂಡ್ರಿ ಬೇಟಿ," ಎಂದ ಅವನು. "ಬಡಸೋದಕ್ಕಽ ಸರ್ಕಾರ ನನಗ ನೌಕರಿ ಕೊಟ್ಟದ."

ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಗಂಡನ ಎದುರಿಗೆ, ಅದೇ ಹೊತ್ತಿಗೆ, ಅದೇ ಬಿಸಿ ಅನ್ನ. ಮೊದಲ ತುತ್ತು ಎತ್ತಲು ಅವಳಿಗೆ ಎಷ್ಟು ಹೊತ್ತಾಯಿತೋ ನನಗೂ ಅಷ್ಟೇ ಆಯಿತು. ಮುಳ್ಳು ಬಿಡಿಸಲು ನಾನು ಒದ್ದಾಡುವುದನ್ನು ಕಂಡು ಅವಳು ಕೈ ಚಾಚಿ ನನ್ನ ತಟ್ಟೆಯ ಮೀನನ್ನು ಒಂದೇ ಎಳೆತಕ್ಕೆ ಎರಡು ಹೋಳು ಮಾಡಿದಳು. ಅಲ್ಲಿಂದ ಮಾತು ಬಂತು. ಮದುವೆಯಾದ ಮೇಲೆ ಆರೇಳು ತಿಂಗಳು ತವರಿನಲ್ಲೇ ಇದ್ದೆಯಲ್ಲ, ಹೇಗೆ ಕಳೆದೆ ಎಂದು ಕೇಳಿದೆ.

"ಹರಗೋಲ ನಡಸತಿದ್ದೆ," ಎಂದಳು.

"ನೀನು?"

"ಅಪ್ಪಗ ಥಂಡಿಜ್ವರ ಹತ್ತಿತ್ತು. ಮಂದಿ ಬಂದು ದಂಡ್ಯಾಗ ನಿಲ್ತಿತ್ತು. ಮೊದಲ ರಜಾಕಾರರಿಗಿ ಅಂಜಿ ನಮ್ಮ ಮಂದಿ ಬಂತು, ದಾಟಿಸಿದೆ. ಪೊಲೀಸ್ ಆಕ್ಷನ್ ಆದ ಮ್ಯಾಲ ತುರಕರು ಬಂದ್ರು, ಹೆಂಗಸರು, ಕೂಸು ಕುನ್ನಿ. ಅವರೂ ಹಂಗಽ ಅಂಜಿದ್ರು. ಅವರನ್ನೂ ದಾಟಿಸಿದೆ. ಅಂಜಿದವರು ಎಲ್ಲಾರೂ ಒಂದಽ ಕಡಿ ಒತ್ತಗೊಂಡು ಕೂಡ್ತಾರ್ರಿ. ನಟ್ಟನಡಕ ಕೂಡ್ರಿ, ಇಲ್ಲಂದ್ರ ಮುಳಗ್ತೇವಿ ಅಂತ ಇಬ್ಬರಿಗೂ ಅದಽ ಮಾತ ಹೇಳೀನಿ."

ಇದನ್ನೆಲ್ಲ ಅವಳು ಸಾರು ಕಲಸಿಕೊಳ್ಳುತ್ತ, ಸಂತೆಗೆ ಹೋಗಿ ಬಂದದ್ದನ್ನು ಹೇಳುವಂತೆ ಹೇಳಿದಳು. ಆಗ ಅವಳಿಗೆ ಹದಿನೆಂಟು. ಅದೇ ದಿನಗಳಲ್ಲಿ ನಾನು ಭಾಲ್ಕಿಯಲ್ಲಿ ಕದಕ್ಕೆ ಅಗಳಿ ಹಾಕಿಕೊಂಡು ಕೂತಿದ್ದೆ.

ಖಾನ್ಸಾಮಾ ಸಾರಿನ ಬೋಗುಣಿ ಹಿಡಿದು ನಿಂತಲ್ಲೇ ನಿಂತಿದ್ದ. "ನಾನೂ ಆಗ ಒಂದ ನದಿ ದಾಟೀನಿ, ಬೇಟಿ," ಎಂದ. "ಬ್ಯಾರೆ ಕಡಿ. ಹರಗೋಲಿನಾಂವ ನಿಮ್ಮವನಽ ಇದ್ದ. ಅವನ ಹೆಸರ ಕೇಳಲಿಲ್ಲ ನಾ. ಕೇಳಬೇಕಿತ್ತು." ಮತ್ತೆ ಅವಳ ತಟ್ಟೆಗೆ ಮೀನಿನ ದೊಡ್ಡ ಹೋಳೊಂದನ್ನು ಇಟ್ಟ. ಅವಳು ಬೇಡವೆನ್ನಲಿಲ್ಲ.

ಮರುದಿನ ಹೊರಡುವಾಗ ಅವನು ಟಾಂಗಾದ ತನಕ ಬಂದು, ನನಗಿಂತ ಮೊದಲು ಅವಳಿಗೆ ಸಲಾಮು ಮಾಡಿದ.

ಮೂರನೆಯ ದಿನ ಮೊದಲು ಅಷ್ಟೂರಿಗೆ ಹೋದೆವು. ಸಿಡಿಲು ಬಡಿದು ಅರ್ಧ ಬಿರಿದು ನಿಂತ ಗುಮ್ಮಟದ ಕೆಳಗೆ ಅವಳು ಕುತ್ತಿಗೆ ಎತ್ತಿ ಬಹಳ ಹೊತ್ತು ನೋಡಿದಳು. "ಅರ್ಧ ಬಿದ್ದದ, ಅದಕ್ಕಽ ಗ್ವಾಡಿ ಎಷ್ಟ ದಪ್ಪ ಅದ ಅಂತ ಕಾಣ್ತದ," ಎಂದಳು. ಬೀದರ ಕೋಟೆಯಲ್ಲಿ ರಂಗೀನ್ ಮಹಲಿನ ಕಾವಲುಗಾರ ಕರಿಕಲ್ಲಿನ ಬಾಗಿಲುವಾಡಕ್ಕೆ ದೀವಿಗೆ ಹಿಡಿದು ಒಳಗೆ ಕೂಡಿಸಿದ ಬಿಳಿಯ ಹೊಳಪನ್ನು ತೋರಿಸಿ, ಯಾವ ಬಾದಶಹ ಯಾರಿಗಾಗಿ ಮಾಡಿಸಿದ ಎಂದು ಹೇಳತೊಡಗಿದ. ಅವಳು ಬೆರಳ ತುದಿಯಿಂದ ಮುಟ್ಟಿದಳು.

"ಇದು ಚಿಪ್ಪಲ್ಲೇನ್ರಿ?" ಎಂದಳು ನನಗೆ. "ನಮ್ಮ ನದಿ ಕೆಸರಿನ್ಯಾಗೂ ಇಂಥಾವು ಸಿಗ್ತಾವ, ಸಣ್ಣವು. ಇಷ್ಟ ತೆಳ್ಳಗ ಕೊಯ್ದು ಕಲ್ಲಾಗ ಕೂಡಸಬೇಕಂದ್ರ ಆ ಕೈ ಎಂಥಾದಿರಬೇಕು!"

ಕಾವಲುಗಾರ ಬಾದಶಹನ ಕಥೆ ಬಿಟ್ಟು ದೀವಿಗೆಯನ್ನು ಅವಳ ಬೆರಳ ಹತ್ತಿರ ತಂದ. ನಾನು ಸಾಲೆಯಲ್ಲಿ ಆ ಕೋಟೆಯ ಇತಿಹಾಸವನ್ನು ಆರು ವರ್ಷ ಕಲಿಸಿದ್ದೆ. ಅದನ್ನು ಮಾಡಿದ ಕೈಯ ವಿಚಾರ ಒಂದು ದಿನವೂ ಬಂದಿರಲಿಲ್ಲ. ರಜೆ ಮುಗಿದ ಮೇಲೆ ಪಾಠ ಹೇಳುವಾಗ ಆ ಮಾತು ಸೇರಿಸಿದೆ. ನಿವೃತ್ತನಾಗುವ ತನಕವೂ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಅವ್ವ ಒಂದು ವಾರ ಸೊಸೆಯನ್ನು ಕೂರಿಸಿಕೊಂಡು ಎಲ್ಲ ಕೇಳಿದಳು. ಕೆರೆ ಎಷ್ಟು ಅಗಲ, ಮೀನು ಎಷ್ಟು ಉದ್ದ, ಮೇಜು ಎಷ್ಟು ಎತ್ತರ. ಓಣಿಯ ಹೆಂಗಸರು ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದರೆ ಅವ್ವನೇ "ಪಾಸಾಗ್ಯಾಳ" ಎಂದು ಉತ್ತರ ಕೊಡುತ್ತಿದ್ದಳು. ನನ್ನ ಪರೀಕ್ಷೆ ಇನ್ನೂ ಇತ್ತು. ಎರಡನೆಯ ಸಲಕ್ಕೆ ಪಾಸಾದೆ.

ಅದಾಗಿ ಎರಡು ವರ್ಷಕ್ಕೆ ನನ್ನನ್ನು ಔರಾದ ತಾಲ್ಲೂಕಿನ ಡಾಬಕಾಕ್ಕೆ ವರ್ಗ ಮಾಡಿದರು. ಹೈದರಾಬಾದ್ ಸಂಸ್ಥಾನ ಒಡೆದು ಊರುಗಳು ಯಾವ ರಾಜ್ಯಕ್ಕೆ ಹೋಗುತ್ತವೆಂದು ಜನ ಕಟ್ಟೆಯ ಮೇಲೆ ವಾದ ಮಾಡುತ್ತಿದ್ದ ಕಾಲ. ಊರಾಚೆ ಒಂದು ಹಳ್ಳವಿತ್ತು. ಸಾಲೆಗೆ ರಜೆಯಿದ್ದ ದಿನ ಬೆಳಗಾಗುತ್ತಲೇ ಅವಳು ಮುಂದೆ, ಬಿದಿರು ಹೊತ್ತು ನಾನು ಹಿಂದೆ. ಮಾಸ್ತರನ ಹೆಂಡತಿ ಹಳ್ಳದಲ್ಲಿ ಗಾಳ ಹಾಕುತ್ತಾಳೆಂದು ಮೊದಮೊದಲು ಊರವರು ದಂಡೆಯ ಮೇಲೆ ಬಂದು ನಿಂತು ನೋಡಿದರು. ಆಮೇಲೆ ಯಾವ ಜಾಗದಲ್ಲಿ ಹಾಕಬೇಕೆಂದು ಅವಳನ್ನೇ, ಅಮ್ಮನವರೇ ಎನ್ನುವಂತೆ ಬಾಯಾರೇ ಎಂದು ಕರೆದು, ಕೇಳತೊಡಗಿದರು. ಒಂದು ವರ್ಷ ಕಳೆಯುವುದರೊಳಗೆ ನನ್ನನ್ನು ಆ ಊರಲ್ಲಿ ಯಾರೂ ಮಾಸ್ತರ ಎನ್ನುತ್ತಿರಲಿಲ್ಲ. ಔರಾದಿನಿಂದ ಬಂದ ಸಾಲೆ ತನಿಖೆಯ ಸಾಹೇಬರಿಗೂ ಹುಡುಗರು ನನ್ನ ಮನೆ ತೋರಿಸಿದ್ದು, "ಮೀನ ಹಿಡಿಯೋ ಬಾಯಾರ ಗಂಡನ ಮನಿ ಅದಽ ನೋಡ್ರಿ" ಎಂದೇ. ಸಾಹೇಬರು ನನಗೆ ಬೇಸರವಾದೀತೆಂದು ಹುಡುಗರನ್ನು ಗದರಿಸಿದರು. ಹುಡುಗರು ಹೇಳಿದ್ದು ಸರಿ ಎಂದು ಹೇಳಿ ನಾನು ಸಾಹೇಬರನ್ನು ಒಳಗೆ ಕರೆದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.