ಬಸ್ಸು ಬಿಟ್ಟವರು, ಊಟ ಬಿಟ್ಟವರು

ಕಳೆದ ವಾರ ಉಪ್ಪಾರಹಳ್ಳಿಯಲ್ಲಿ ಒಂದು ಶಾಲೆಯ ಕಾಂಪೌಂಡ್ ದಾಟುವಾಗ ಬೇಳೆಸಾರಿಗೆ ಒಗ್ಗರಣೆ ಬಿದ್ದ ವಾಸನೆ ಬಂತು. ಬಿಸಿಯೂಟದ ಹೊತ್ತು. ನಾನು ಮಾಡಬೇಕಿದ್ದ ಪಾಠಕ್ಕೆ ತಡವಾಗುತ್ತಿದ್ದರೂ ಅಲ್ಲೇ ನಿಂತೆ. ನಮ್ಮ ಸಮಾಜ ವಿಜ್ಞಾನದ ಮೇಡಂ ನೆನಪಾದರು.

ಗುಬ್ಬಿ ಹತ್ತಿರದ ನಮ್ಮೂರ ಹೈಸ್ಕೂಲಿಗೆ ಅವರು ದಿನವೂ ತುಮಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಮೆರಿಕದ ಕರಿಯರ ಹೋರಾಟದ ಪಾಠವನ್ನೂ ಬಸ್ಸಿನಿಂದಲೇ ಶುರು ಮಾಡಿದರು. ಬೋರ್ಡಿನ ಮೇಲೆ ಉದ್ದನೆಯ ಬಸ್ಸು ಬರೆದು, ನಡುವೆ ಗೆರೆ ಎಳೆದು, ಮುಂದೆ ಬಿಳಿಯರು, ಹಿಂದೆ ಕರಿಯರು ಎಂದರು. ಸೀಟು ಬಿಟ್ಟು ಏಳದ ಹೆಂಗಸನ್ನು ಪೊಲೀಸರು ಹಿಡಿದೊಯ್ದದ್ದು, ಆ ಊರಿನ ಕರಿಯರೆಲ್ಲ ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಬಿಟ್ಟು ಕೆಲಸಕ್ಕೆ ನಡೆದದ್ದು... ಅವರು ಹೇಳುವಾಗ ನಮ್ಮ ಕಾಲೂ ನೋಯುತ್ತಿತ್ತು.

ಅದೇ ತಿಂಗಳು ಶಾಲೆಗೆ ಹೊಸ ಅಡುಗೆಯಮ್ಮ ಬಂದಿದ್ದರು. ಊರಾಚೆಯ ದಲಿತ ಕಾಲೋನಿಯವರು. ಅವರನ್ನು ತೆಗೆಯುವವರೆಗೆ ಮಕ್ಕಳು ಶಾಲೆಯಲ್ಲಿ ಉಣ್ಣಬಾರದೆಂದು ನಮ್ಮ ಬೀದಿಯ ಮನೆಗಳಲ್ಲಿ ತೀರ್ಮಾನವಾಗಿತ್ತು. ಡಬ್ಬಿ ಹಿಡಿದು ಬೇವಿನ ಮರದಡಿ ಕೂರುವ ಹುಡುಗಿಯರಲ್ಲಿ ನಾನೂ ಒಬ್ಬಳು. ಮೇಡಂ ಆ ಅಮ್ಮನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. ನಮ್ಮನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ.

ಪಾಠದ ಕೊನೆಗೆ, ಹೀಗೆ ಒಗ್ಗಟ್ಟಾಗಿ ಏನನ್ನಾದರೂ ಬಿಟ್ಟವರನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಕ್ಲಾಸಿನಲ್ಲಿ ಬಾಯಿ ತೆರೆಯದ ನಾನು ಎದ್ದು ನಿಂತೆ.

"ನಾವೇ ಬಿಟ್ಟಿದೀವಲ್ಲ ಮೇಡಂ, ಊಟ. ಹದಿನೈದು ದಿನ ಆಯ್ತು."

ಹೆಮ್ಮೆಯಿಂದಲೇ ಹೇಳಿದೆ. ಆ ಬಸ್ಸು ಬಿಟ್ಟು ನಡೆದವರ ಸಾಲಿನಲ್ಲಿ ನಾನೂ ಇದ್ದೇನೆಂದುಕೊಂಡಿದ್ದೆ.

"ಎಲ್ ಬಿಟ್ಟವ್ಳೆ ಮೇಡಂ, ದಿನಾ ಡಬ್ಬಿ ತುಂಬಾ ಚಿತ್ರಾನ್ನ ತರ್ತಾಳೆ," ಎಂದಳು ಹಿಂದಿನ ಬೆಂಚಿನ ಹುಡುಗಿ. ಅವಳು ಅಡುಗೆಯಮ್ಮನ ಮಗಳು. ಕ್ಲಾಸೆಲ್ಲ ನಕ್ಕಿತು.

ಮೇಡಂ ನಗಲಿಲ್ಲ. ಡಸ್ಟರ್ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಕೂತ್ಕೊ ಪುಟ್ಟಿ. ಅವ್ರು ಬಸ್ ಬಿಟ್ಟಿದ್ದು ಎಲ್ರೂ ಒಟ್ಟಿಗೆ ಕೂರೋಕೆ. ನೀವು ಊಟ ಬಿಟ್ಟಿರೋದು ಯಾತಕ್ಕೆ?"

ಉತ್ತರ ಗೊತ್ತಿತ್ತು. ಕೂತುಕೊಂಡೆ.

ಸಂಜೆ ಮನೆಯಲ್ಲಿ, ನಾನು ಶಾಲೆಯಲ್ಲೇ ಉಣ್ಣುತ್ತೇನೆ ಎಂದೆ. ಅಪ್ಪ ಬೇಡವೆಂದರು. ಅವರ ಮಾತು ಮೀರುವ ಧೈರ್ಯ ಬರಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. ಹತ್ತಿರ ಹೋದಾಗ ಕಂಡಿತು, ಸೌಟು ಹಿಡಿದವರು ಬೇರೆ ಯಾರೋ. ಉಣ್ಣುವ ಮಕ್ಕಳೇ ಇಲ್ಲವೆಂದು ಆ ಅಮ್ಮನನ್ನು ಕೆಲಸದಿಂದ ತೆಗೆದಿದ್ದರು. ಬೇವಿನ ಮರದಡಿಯ ಹುಡುಗಿಯರೆಲ್ಲ ಅಂದೇ ಸಾಲಿಗೆ ಬಂದಿದ್ದರು. ಮೇಡಂ ವರಾಂಡದಲ್ಲಿ ನಿಂತು ನಮ್ಮನ್ನೆಲ್ಲ ನೋಡಿದರು, ನನ್ನನ್ನೂ... ಆ ದಿನ ಅವರು ಉಣ್ಣಲಿಲ್ಲ.

ನಾನು ಸಾಲಿಗೆ ಬಂದದ್ದು ಆ ಅಮ್ಮನ ಕೈಯೂಟಕ್ಕೆಂದು ಅವರಿಗೆ ಹೇಳಲಿಲ್ಲ. ಮರುವರ್ಷ ಅವರಿಗೆ ಕುಣಿಗಲ್‌ಗೆ ವರ್ಗವಾಯಿತು. ಹೋಗಿ ನೋಡಬೇಕೆಂದುಕೊಳ್ಳುತ್ತಲೇ ಕಾಲೇಜು ಮುಗಿಸಿದೆ, ಕೆಲಸಕ್ಕೆ ಸೇರಿದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನಾನೂ ಇತಿಹಾಸ ಹೇಳುತ್ತೇನೆ. ಬಸ್ಸಿನ ಪಾಠ ಬಂದಾಗ ನನ್ನ ಹದಿನೈದು ದಿನಗಳ ಕಥೆಯನ್ನೂ, ತಡವಾಗಿ ಸಾಲಿಗೆ ಬಂದ ಕಥೆಯನ್ನೂ ಹೇಳುತ್ತೇನೆ. ಆದರೆ ಅದನ್ನು ಹೇಳಬೇಕಾಗಿದ್ದದ್ದು ಇಬ್ಬರಿಗೆ. ಒಬ್ಬರು ಈಗಿಲ್ಲ. ಇನ್ನೊಬ್ಬರ ಮನೆ ಊರಾಚೆ ಕಾಲೋನಿಯಲ್ಲೇ ಇದೆ, ನಾನಿನ್ನೂ ಹೋಗಿಲ್ಲ.